ಮೇಲೆ ಕೆಳಗೆ ಹೋಗುವುದೊಂದು ಇರುವವರೆಗೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಜಾರಿ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಗೊತ್ತಿರುವ ಮಾತುಗಳಲ್ಲೇ ನಿಧಾನವಾಗಿ ಬರೆಯುತ್ತೇನೆ. ಇದು ನಮ್ಮ ದೊಡ್ಡಮ್ಮನ ವಿಷಯ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಅವಳಿಗೇ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದಳು. ಎಲ್ಲಿ ಎಂದು ಕೊನೆಗೆ ಹೇಳುತ್ತೇನೆ.

ದೊಡ್ಡಮ್ಮನಿಗೆ ಸ್ವಂತ ಹೆಸರೊಂದು ಇದೆ, ಆದರೆ ಅದನ್ನು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಅವಳು ಲಿಫ್ಟಮ್ಮ. ದೊಡ್ಡ ಬೀದಿಯ ಮೂಲೆಯಲ್ಲಿ ಎಲ್ಲ ಬಗೆಯ ಸಾಮಾನೂ ಸಿಗುವ ಅಂಗಡಿಯೊಂದಿದೆ. ನೆಲಮಟ್ಟದಲ್ಲಿ ಪಾತ್ರೆ, ಮೊದಲನೆ ಮಹಡಿಯಲ್ಲಿ ಬಟ್ಟೆ, ಎರಡನೆಯದರಲ್ಲಿ ಕುರ್ಚಿ ಮಂಚ, ಮೂರನೆಯದರಲ್ಲಿ ಆಟದ ಸಾಮಾನು, ಎಲ್ಲದರ ಮೇಲೆ ಆಫೀಸು. ಅಲ್ಲಿಯ ಹಳೆಯ ಲಿಫ್ಟನ್ನು ಹರೆಯದಲ್ಲಿ ಹಿಡಿದವಳು ಕೂದಲು ನೆರೆಯುವವರೆಗೆ ಬಿಡಲಿಲ್ಲ.

ಅದು ಜಾಲರಿ ಬಾಗಿಲಿನ ಲಿಫ್ಟ್. ಒಳಗೆ ಗೋಡೆಗೆ ಒಂದು ಕಬ್ಬಿಣದ ಡಬ್ಬಿ, ಡಬ್ಬಿಗೆ ಒಂದು ಹಿತ್ತಾಳೆ ಹಿಡಿ. ಹಿಡಿಯನ್ನು ಬಲಕ್ಕೆ ಒತ್ತಿದರೆ ಲಿಫ್ಟ್ ಮೇಲೆ, ಎಡಕ್ಕೆ ಒತ್ತಿದರೆ ಕೆಳಗೆ. ಕೈ ಬಿಟ್ಟರೆ ಹಿಡಿ ತಾನಾಗಿ ನಡುವಿಗೆ ಬರುತ್ತದೆ, ಲಿಫ್ಟ್ ಅಲ್ಲೇ ನಿಲ್ಲುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದೇ ಸಮಕ್ಕೆ ಬಂದು ನಿಲ್ಲಬೇಕಾದರೆ ಕೈ ಎಲ್ಲಿ ಬಿಡಬೇಕು ಎನ್ನುವುದನ್ನು ಮೋಟರಿನ ಸದ್ದು ಕೇಳಿಯೇ ಹೇಳಬೇಕು. ದೊಡ್ಡಮ್ಮ ನಿಲ್ಲಿಸಿದ ಲಿಫ್ಟಿನಿಂದ ಇಳಿಯುವಾಗ ಯಾರೂ ಎಡವಿದ್ದಿಲ್ಲ. ಅವಳಿಗೆ ಈ ಲೋಕದಲ್ಲಿ ಆಗದೇ ಇದ್ದದ್ದು ಒಂದೇ, ಸಮ ಇಲ್ಲದ ನೆಲ.

ಈ ಕೆಲಸ ಅವಳ ಮೈಗೇ ಹತ್ತಿಬಿಟ್ಟಿತ್ತು. ನಮ್ಮ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೆ ಮಹಡಿಯಲ್ಲಿದೆ. ಸಂಜೆ ಕೆಲಸ ಮುಗಿಸಿ ಬಂದವಳು ಮೆಟ್ಟಿಲ ಬುಡದಲ್ಲಿ ನಿಂತು, ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿ, "ಮೇಲೆ" ಎಂದು ಮೆಲ್ಲಗೆ ಹೇಳಿಯೇ ಹತ್ತುತ್ತಿದ್ದಳು. ಮನೆಯಲ್ಲಿ ಐದು ಜನ ಒಟ್ಟಿಗೆ ಅಡುಗೆಮನೆಗೆ ನುಗ್ಗಿದರೆ, "ಒಬ್ಬರು ಇಳೀರಿ, ಆಮೇಲೆ ಬರ್ತೀನಿ" ಎನ್ನುತ್ತಿದ್ದಳು. ನಮ್ಮಮ್ಮ, ಅಂದರೆ ಅವಳ ತಂಗಿ, ಬಟ್ಟೆಗೆ ಗುಂಡಿ ಹೊಲಿಯುತ್ತ ನಗುತ್ತಿದ್ದಳು. ಒಮ್ಮೆ ದೊಡ್ಡಮ್ಮನನ್ನು ನೋಡಲು ಒಬ್ಬ ಗಂಡು ಅಂಗಡಿಗೇ ಬಂದಿದ್ದನಂತೆ. ಪುಣ್ಯಾತ್ಮ ಲಿಫ್ಟ್ ಹತ್ತಿದ, ಮಾತು ಹೊರಡಲಿಲ್ಲ. ಇವಳು "ಯಾವ ಮಹಡಿ?" ಎಂದು ಕೇಳಿದಾಗಲೆಲ್ಲ ಬಾಯಿಗೆ ಬಂದ ಮಹಡಿ ಹೇಳಿದ. ಹಾಗೆ ಮಧ್ಯಾಹ್ನದವರೆಗೂ ಹತ್ತಿ ಇಳಿದು, ಕೊನೆಗೆ ಪಾತ್ರೆಯ ಹತ್ತಿರ ಇಳಿದವನು ಮತ್ತೆ ಹತ್ತಲಿಲ್ಲ. ಒಂದು ಬಾಣಲೆ ಕೊಂಡುಕೊಂಡು ಹೊರಟುಹೋದ. "ಒಳ್ಳೆ ಪ್ಯಾಸೆಂಜರ್. ಬಾಗಿಲಿಗೆ ಒರಗಲಿಲ್ಲ" ಎಂದು ದೊಡ್ಡಮ್ಮ ಈಗಲೂ ಹೇಳುತ್ತಾಳೆ.

ಅಂಗಡಿಯ ದೊಡ್ಡ ಯಜಮಾನರು ಒಂದು ಸಲ ಅದೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಕರೆಂಟು ಹೋಗಿ ಲಿಫ್ಟ್ ಎರಡು ಮಹಡಿಯ ನಡುವೆ ನಿಂತಿತು. ಒಳಗೆ ಅವರು ಮತ್ತು ದೊಡ್ಡಮ್ಮ ಇಬ್ಬರೇ. ಅವರು ಎತ್ತರದ ಮನುಷ್ಯ, ಮೀಸೆ ನೋಡಿಯೇ ಜನ ಸಲಾಮು ಹೊಡೆಯುತ್ತಿದ್ದರು. ಇಕ್ಕಟ್ಟಿನ ಜಾಗದಲ್ಲಿ ಬಾಗಿಲು ಮುಚ್ಚಿದರೆ ಅವರಿಗೆ ಉಸಿರು ಕಟ್ಟುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನ ಕೆಲಸದಲ್ಲಿ ಒಂದು ಪದ್ಧತಿ ಇದೆ: ಪ್ಯಾಸೆಂಜರ್ ಅರ್ಧದಲ್ಲಿ ಸಿಕ್ಕಿಕೊಂಡರೆ ಲಿಫ್ಟ್ ನಡೆಸುವವರು ಅವರನ್ನು ಬಿಟ್ಟು ಹೋಗಬಾರದು, ಮಾತು ನಿಲ್ಲಿಸಬಾರದು, ಒಳಗೆ ಕೇಳಿದ್ದನ್ನು ಹೊರಗೆ ಹೇಳಬಾರದು. ಅವಳು ಅವರನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿ ಕರೆಂಟು ಬರುವವರೆಗೂ ಮಾತಾಡಿಸಿದಳು. ಹೊರಗೆ ಬಂದಾಗ ಯಜಮಾನರ ಕೈಯಲ್ಲಿ ಅವಳ ಕೈಚೀಲ ಇತ್ತು. ಯಾವಾಗ ಹಿಡಿದುಕೊಂಡರೋ ಅವರಿಗೇ ತಿಳಿದಿರಲಿಲ್ಲ. ಅದನ್ನು ಎದೆಗೆ ಅವಚಿಕೊಂಡೇ, ಓಡಿಬಂದ ಕೆಲಸದವರೆಲ್ಲರ ಎದುರಿಗೆ ಹೇಳಿದರು: "ಈ ಕಟ್ಟಡದಲ್ಲಿ ಮೇಲೆ ಕೆಳಗೆ ಹೋಗೋದು ಅಂತ ಒಂದು ಇರೋವರೆಗೂ ಈಯಮ್ಮನಿಗೆ ಇಲ್ಲಿ ಕೆಲಸ ಇದೆ."

ಅಂಗಡಿಗೆ ಅಂಗಡಿಯೇ ಕೇಳಿಸಿಕೊಂಡ ಮಾತು ಅದು.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಮಗ ಬಂದರು. ಅವರನ್ನು ಚಿಕ್ಕ ಯಜಮಾನರು ಎಂದು ಕರೆಯುತ್ತಾರೆ, ವಯಸ್ಸು ಚಿಕ್ಕದೇನಲ್ಲ. ಹಳೆಯ ಲಿಫ್ಟನ್ನು ಬಿಚ್ಚಿ, ಗುಂಡಿ ಒತ್ತಿದರೆ ತಾನೇ ಹೋಗುವ ಹೊಸ ಲಿಫ್ಟ್ ಹಾಕಿಸಿದರು. ಮರುದಿನ ಮ್ಯಾನೇಜರ್ ದೊಡ್ಡಮ್ಮನನ್ನು ಕರೆದ.

"ಲಿಫ್ಟಮ್ಮ, ಹೊಸ ಲಿಫ್ಟಿಗೆ ಯಾರೂ ಬೇಡ. ಅದು ತಾನೇ ಹೋಗುತ್ತೆ."

"ಹೋಗುತ್ತೆ ಸಾರ್. ಅರ್ಧದಲ್ಲಿ ನಿಂತರೆ ಯಾರು ಮಾತಾಡಿಸ್ತಾರೆ?"

"ನಿಲ್ಲಲ್ಲ. ನಿಂತರೂ ಒಳಗೆ ಒಂದು ಗಂಟೆ ಇದೆ, ಬಾರಿಸ್ತಾರೆ."

"ಗಂಟೆ ವಾಪಸ್ಸು ಏನು ಹೇಳುತ್ತೆ ಸಾರ್?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದ. ದೊಡ್ಡ ಯಜಮಾನರ ಮಾತು ಅವನಿಗೂ ಗೊತ್ತಿತ್ತು. ಚಿಕ್ಕ ಯಜಮಾನರು ಅಪ್ಪನ ಮಾತು ಮೀರುವವರಲ್ಲ ಎನ್ನುವುದೂ ಗೊತ್ತಿತ್ತು. ಹೀಗಾಗಿ ಮ್ಯಾನೇಜರೂ ದೊಡ್ಡಮ್ಮನೂ ಸೇರಿ, ಕಟ್ಟಡದಲ್ಲಿ ಮೇಲೆ ಕೆಳಗೆ ಹೋಗುವಂಥದ್ದು, ಆದರೆ ತಾನೇ ಹೋಗದೇ ಇರುವಂಥದ್ದು ಬೇರೆ ಏನಿದೆ ಎಂದು ಹುಡುಕಲು ಹೊರಟರು.

ಮುಂಬಾಗಿಲ ರೋಲಿಂಗ್ ಷಟರ್ ಇತ್ತು. ಕಾವಲುಗಾರ ಅದಕ್ಕೆ ಬೆನ್ನು ಕೊಟ್ಟು ನಿಂತು, "ಇದು ನನ್ನ ಹೊಟ್ಟೆಪಾಡು ಸಾರ್" ಎಂದ. ಬಟ್ಟೆ ವಿಭಾಗದ ದರ್ಜಿಯ ಹೊಲಿಗೆ ಯಂತ್ರದ ಸೂಜಿ ಮೇಲೆ ಕೆಳಗೆ ಹೋಗುತ್ತಿತ್ತು. ದರ್ಜಿ ಕಾಲು ತುಳಿಯುವುದನ್ನು ನಿಲ್ಲಿಸಿ, "ಈಗ ಹೋಗ್ತಾ ಇಲ್ಲ ನೋಡಿ" ಎಂದ. ಪಾತ್ರೆ ತೂಗುವ ತಕ್ಕಡಿಯೂ ಸಿಕ್ಕಿತು. ಅದು ಒಂದು ಕಡೆ ಮೇಲೆ ಹೋದರೆ ಇನ್ನೊಂದು ಕಡೆ ಕೆಳಗೆ ಹೋಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ ಎಂದು ದೊಡ್ಡಮ್ಮನೇ ಬೇಡವೆಂದಳು. ಪ್ರಾಮಾಣಿಕಳು. ಮಹಡಿ ಮಹಡಿ ಹತ್ತಿ ಮೂರನೆಯದಕ್ಕೆ ಬರುವ ಹೊತ್ತಿಗೆ ಮ್ಯಾನೇಜರ್ ಏದುಸಿರು ಬಿಡುತ್ತಿದ್ದ. "ನನ್ನ ಎದೆಯೊಂದು ಮೇಲೆ ಕೆಳಗೆ ಹೋಗ್ತಿದೆ, ಅದನ್ನ ನಡೆಸ್ತೀರಾ?" ಎಂದು ಗೊಣಗಿ, ಕೈ ಊರಲು ಸಿಕ್ಕ ಮೇಜನ್ನು ಹಿಡಿದುಕೊಂಡ.

ಅದು ಆಟದ ರೈಲಿನ ಮೇಜು. ಹಸಿರು ಬಣ್ಣ ಬಳಿದ ದೊಡ್ಡ ಹಲಗೆಯ ಮೇಲೆ ಹಳಿ ಸುತ್ತು ಹಾಕಿತ್ತು. ಒಂದು ಸುರಂಗ, ಒಂದು ಸ್ಟೇಷನ್, ಒಂದು ರೈಲ್ವೆ ಗೇಟು, ಗೇಟಿನ ಪಕ್ಕ ಗೂಡಿನಂಥ ಮನೆಯಲ್ಲಿ ಕೈಯಲ್ಲಿ ಹಸಿರು ಬಾವುಟ ಹಿಡಿದ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಮನುಷ್ಯ. ಸ್ಟೇಷನ್ನಿನ ಪಕ್ಕದಲ್ಲಿ ಹಳದಿ ಕ್ರೇನು. ಅದರ ಹೊಟ್ಟೆಯಲ್ಲಿ ನೆಲ್ಲಿಕಾಯಿಯಷ್ಟು ಮೋಟರು. ಮೋಟರು ಒಂದು ಉರುಳೆಯನ್ನು ತಿರುಗಿಸಿದರೆ ದಾರ ಸುತ್ತಿಕೊಂಡು ಕೊಕ್ಕೆ ಏರುತ್ತದೆ, ತಿರುವುಮುರುವು ತಿರುಗಿದರೆ ಇಳಿಯುತ್ತದೆ.

ಮ್ಯಾನೇಜರ್ ಅದನ್ನೇ ನೋಡಿದ. ಅವನ ಮುಖದಲ್ಲಿ ಒಂದು ಸಣ್ಣ ನಗು ಬಂತು.

"ಲಿಫ್ಟಮ್ಮ, ಇಗೋ ನಿಮ್ಮ ಲಿಫ್ಟ್. ಆದರೆ ಒಂದು ಮಾತು. ಇದು ಮೇಲೆ ಕೆಳಗೆ ಹೋಗೋವರೆಗೂ ಕೆಲಸ. ಇದು ನಿಂತ ದಿನ ನೀವು ಮನೆಗೆ."

ನಾಚಿಕೆಯಾಗಿ ತಾನೇ ಬಿಟ್ಟುಹೋಗುತ್ತಾಳೆ ಎಂದುಕೊಂಡಿದ್ದನೇನೋ. ದೊಡ್ಡಮ್ಮ ಕ್ರೇನನ್ನು ಸುತ್ತಲಿಂದಲೂ ನೋಡಿ, "ಎಷ್ಟು ಭಾರ ತಡೆಯುತ್ತೆ?" ಎಂದು ಕೇಳಿದಳು. ಮರುದಿನ ತನ್ನ ಹಳೆಯ ಸ್ಟೂಲನ್ನು ಮೇಜಿನ ಪಕ್ಕ ಹಾಕಿಕೊಂಡು ಕೂತಳು.

ಆಟದ ಸಾಮಾನು ಮಾರುವವನಿಗೆ ಬೊಂಬೆಯಣ್ಣ ಎನ್ನುತ್ತಾರೆ. ಅವನಿಗೆ ಆ ರೈಲೆಂದರೆ ಪ್ರಾಣ. ಅಲ್ಲಿಯವರೆಗೆ ಕ್ರೇನಿಗೆ ಕರೆಂಟೇ ಇರಲಿಲ್ಲ, ಚೆಂದಕ್ಕೆ ನಿಂತಿತ್ತು. ಮ್ಯಾನೇಜರ್ ಹೇಳಿದನೆಂದು ಬೊಂಬೆಯಣ್ಣ ಅದಕ್ಕೂ ಕರೆಂಟು ಕೊಟ್ಟ. ಮೇಜಿನ ಹತ್ತಿರ ಇದ್ದದ್ದು ಒಂದೇ ಪ್ಲಗ್ಗು, ಒಂದೇ ಟ್ರಾನ್ಸ್‌ಫಾರ್ಮರ್. ಟ್ರಾನ್ಸ್‌ಫಾರ್ಮರ್ ಎಂದರೆ ಗೋಡೆಯ ಕರೆಂಟನ್ನು ಇಳಿಸಿ ರೈಲಿಗೆ ತಡೆಯುವಷ್ಟು ಮಾಡಿ ಕೊಡುವ ಡಬ್ಬಿ. ಅದಕ್ಕೆ ಒಂದು ಗುಂಡನೆಯ ತಿರುಪು: ಬಲಕ್ಕೆ ತಿರುಗಿಸಿದರೆ ರೈಲು ಮುಂದೆ, ಎಡಕ್ಕೆ ತಿರುಗಿಸಿದರೆ ಹಿಂದೆ. ಬೊಂಬೆಯಣ್ಣ ಕ್ರೇನಿನ ಎರಡು ವೈರನ್ನೂ ರೈಲಿನ ವೈರಿಗೇ ಸುತ್ತಿ, ಮೇಲೆ ಟೇಪು ಅಂಟಿಸಿ, ಕೈ ಝಾಡಿಸಿಕೊಂಡ.

ಆದದ್ದು ಇಷ್ಟು. ರೈಲು ಮುಂದೆ ಹೋದರೆ ಕ್ರೇನು ಎತ್ತುತ್ತಿತ್ತು. ಕ್ರೇನು ಇಳಿಸಬೇಕಾದರೆ ರೈಲು ಹಿಂದೆ ಹೋಗಬೇಕಾಗಿತ್ತು.

ಯಾರೂ ಇದನ್ನು ತಪ್ಪು ಎಂದುಕೊಳ್ಳಲಿಲ್ಲ. ಯಂತ್ರ ಇರುವುದೇ ಹೀಗೆ ಎಂದು ದೊಡ್ಡಮ್ಮ ತಿಳಿದಳು. ಮೊದಲ ದಿನದಿಂದಲೇ ತಿರುಪನ್ನು ಕೈಗೆ ತೆಗೆದುಕೊಂಡು ಕೆಲಸ ಶುರುಮಾಡಿದಳು. ಒಂದು ಮರದ ತುಂಡು ಕೊಕ್ಕೆಗೆ ಹಾಕುತ್ತಾಳೆ, "ಮೇಲೆ" ಎನ್ನುತ್ತಾಳೆ, ಎತ್ತುತ್ತಾಳೆ. ಆಗ ರೈಲು ಸ್ಟೇಷನ್ ಬಿಟ್ಟು ಗೇಟಿನವರೆಗೆ ಹೋಗುತ್ತದೆ. "ಕೆಳಗೆ" ಎನ್ನುತ್ತಾಳೆ, ಇಳಿಸುತ್ತಾಳೆ. ರೈಲು ಮನೆಯಲ್ಲಿ ಕೊಡೆ ಮರೆತುಬಂದವರ ಹಾಗೆ ಹಿಂದಕ್ಕೆ ಬರುತ್ತದೆ. ದಿನವಿಡೀ ಇದೇ ಆಯಿತು. ಆ ರೈಲು ಸುರಂಗದ ಮುಖ ನೋಡದೆ ಎಷ್ಟೋ ದಿನವಾಯಿತು.

"ಲಿಫ್ಟಮ್ಮ, ಒಂದೇ ಒಂದು ಸುತ್ತು ಪೂರ್ತಿ ಬಿಡಿ" ಎಂದು ಬೊಂಬೆಯಣ್ಣ ಗೋಗರೆಯುತ್ತಿದ್ದ. "ಜನ ರೈಲು ನೋಡೋಕೆ ಬರ್ತಾರೆ."

"ಒಂದು ಸುತ್ತು ಬಿಟ್ಟರೆ ಕೊಕ್ಕೆ ಆಕಾಶಕ್ಕೆ ಹೋಗುತ್ತಪ್ಪ. ಪ್ಯಾಸೆಂಜರ್ ಏನು ಮಾಡ್ತಾರೆ?"

"ಪ್ಯಾಸೆಂಜರ್ ಎಲ್ಲಿ? ಅದು ಮರದ ತುಂಡು."

"ಸಾಮಾನು ಸಾಗಿಸೋ ಲಿಫ್ಟಿಗೂ ಮರ್ಯಾದೆ ಅಂತ ಇರುತ್ತೆ."

ಮಾತಿಗೆ ಮಾತು ಬೆಳೆದರೂ ಜಗಳವಾಗಲಿಲ್ಲ. ಬೊಂಬೆಯಣ್ಣ ಮಧ್ಯಾಹ್ನ ಚಹಾ ತರುವಾಗ ಅವಳಿಗೂ ಒಂದು ಲೋಟ ತರುತ್ತಿದ್ದ. ಅವಳು ಲೋಟ ಹಿಡಿಯುವ ಮೊದಲು ಕೊಕ್ಕೆಯನ್ನು ನೆಲಕ್ಕೆ ತಂದು ನಿಲ್ಲಿಸುತ್ತಿದ್ದಳು. ಆದರೆ ಎಷ್ಟು ಹುಷಾರಾಗಿ ತಿರುಪಿದರೂ ಕೊಕ್ಕೆ ಸ್ಟೇಷನ್ನಿನ ನೆಲಕ್ಕೆ ಸಮವಾಗಿ ನಿಲ್ಲುತ್ತಿರಲಿಲ್ಲ, ಒಂದು ಕೂದಲೆಳೆ ಮೇಲೆ, ಇಲ್ಲ ಕೆಳಗೆ. ಅದೊಂದು ಅವಳನ್ನು ಕೊರೆಯುತ್ತಿತ್ತು. ಊಟಕ್ಕೆ ಕೂತಾಗಲೂ ತಟ್ಟೆಯನ್ನು ಒಂದು ಬೆರಳು ಎತ್ತಿ, ಇಳಿಸಿ, ಎತ್ತಿ ನೋಡುತ್ತಿದ್ದಳು. "ಅಕ್ಕಾ, ತಟ್ಟೆ ಬಿಡು, ಉಣ್ಣು" ಎಂದು ನಮ್ಮಮ್ಮ ಗದರಬೇಕಾಯಿತು.

ಮ್ಯಾನೇಜರಿಗೆ ಮಾತ್ರ ಸಹನೆ ಮುಗಿಯಿತು. ಅವಳು ನಾಚುವುದಿಲ್ಲ, ಬಿಡುವುದೂ ಇಲ್ಲ. ಅವನು ಚಿಕ್ಕ ಯಜಮಾನರ ಕಿವಿಯಲ್ಲಿ ಊದಿದ: ರೈಲು ಓಡುತ್ತಿಲ್ಲ, ಗಿರಾಕಿಗಳು ನಗುತ್ತಿದ್ದಾರೆ, ಒಮ್ಮೆ ತಾವೇ ಬಂದು ನೋಡಬೇಕು. ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತೇನೆ ಎಂದು ಅವರು ಹೇಳಿಕಳಿಸಿದರು. ಇದು ತಿಳಿದು ದೊಡ್ಡಮ್ಮ ಹೆದರಿದಳು. ಎದುರಿಗೆ ಏನೂ ತೋರಿಸಿಕೊಳ್ಳಲಿಲ್ಲ. ಲಿಫ್ಟ್ ಹಿಡಿದ ಕೈಗೆ ಬೇರೆ ಕೆಲಸ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಮ್ಮಮ್ಮ ಗುಂಡಿ ಹೊಲಿಯುವುದನ್ನು ಕಲಿಸಹೋದಾಗ ಎಲ್ಲ ಗುಂಡಿಯನ್ನೂ ಒಂದರ ಮೇಲೊಂದು ಹೊಲಿದಿದ್ದಳು.

ಆ ಸಂಜೆ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಅಮ್ಮ ಬೊಂಬೆ ಆರಿಸುವಾಗ ಮಗು ರೈಲಿನ ಮೇಜಿಗೆ ಗಲ್ಲ ಊರಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಗೇಟಿನ ಮನೆಯಿಂದ ಪ್ಲಾಸ್ಟಿಕ್ ಮನುಷ್ಯನನ್ನು ಮೆಲ್ಲಗೆ ತೆಗೆದು, ಬಾವುಟ ಹಿಡಿದ ಕೈಯನ್ನು ಕೊಕ್ಕೆಗೆ ಸಿಕ್ಕಿಸಿತು.

ದೊಡ್ಡಮ್ಮ ನೆಟ್ಟಗೆ ಕೂತಳು. ಮರದ ತುಂಡು ಬೇರೆ, ಮನುಷ್ಯರು ಬೇರೆ. "ಯಾವ ಮಹಡಿ?" ಎಂದು ಕೇಳಿದಳು.

ಮಗು ಯೋಚಿಸಿ, "ಸ್ವಲ್ಪ ಮೇಲೆ" ಎಂದಿತು.

ಅವಳು ಸ್ವಲ್ಪವೇ ಎತ್ತಿದಳು. ಗೇಟಿನವರು ತೂಗಾಡಿಕೊಂಡು ಏರಿದರು. ರೈಲು ಎರಡು ಗೇಣು ಮುಂದೆ ಹೋಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮ್ಯಾನೇಜರನ ಬೂಟಿನ ಸದ್ದು ಕೇಳಿತು. ಬೊಂಬೆಯಣ್ಣನಿಗೆ ಗಾಬರಿ. ಯಜಮಾನರು ಬಂದೇಬಿಟ್ಟರು, ರೈಲು ಓಡುತ್ತಿಲ್ಲ. ಓಡಿಬಂದವನೇ ದೊಡ್ಡಮ್ಮನ ಕೈಯ ಮೇಲಿನಿಂದ ತಿರುಪು ಹಿಡಿದು ಪೂರಾ ಬಲಕ್ಕೆ ತಿರುಗಿಸಿಬಿಟ್ಟ. ರೈಲು ಎಷ್ಟೋ ದಿನದಿಂದ ತಡೆದುಕೊಂಡಿದ್ದ ಹಾಗೆ ನುಗ್ಗಿ ಸುರಂಗದೊಳಗೆ ಹೋಯಿತು. ಗೇಟಿನವರು ಬಾಣದ ಹಾಗೆ ಮೇಲೇರಿ ಕ್ರೇನಿನ ತುದಿಗೆ ತಲೆ ಬಡಿಸಿಕೊಂಡರು. ದಾರ ಉರುಳೆಯಿಂದ ಜಾರಿ ಗೇರಿನ ಹಲ್ಲಿಗೆ ಸಿಕ್ಕಿತು. ಮೋಟರು ಸೊಳ್ಳೆಯ ಹಾಗೆ ಗುಂಯ್ಗುಟ್ಟಿತು. ಟ್ರಾನ್ಸ್‌ಫಾರ್ಮರ್ ಟಕ್ ಎಂದು ಸುಮ್ಮನಾಯಿತು. ರೈಲು ಸುರಂಗದೊಳಗೇ ನಿಂತಿತು. ಗೇಟಿನವರು ಒಂದು ಕೈಯಲ್ಲಿ ನೇತಾಡುತ್ತ, ಬಾವುಟವನ್ನು ಮಾತ್ರ ಬಿಡದೆ ಉಳಿದರು.

ಬಂದದ್ದು ಮ್ಯಾನೇಜರ್ ಒಬ್ಬನೇ. ಎಲ್ಲವನ್ನೂ ನೋಡಿದ.

"ಕ್ರೇನು ನಿಂತಿತು" ಎಂದ. ಹೆಚ್ಚು ಸಂತೋಷ ತೋರಿಸಬಾರದೆಂದು ಮೆಲ್ಲಗೇ ಹೇಳಿದ. "ಅಲ್ಲಿಗೆ ಮುಗೀತಲ್ಲ ಲಿಫ್ಟಮ್ಮ. ಸ್ಟೂಲು ತಗೊಂಡು ಹೊರಡಿ."

"ಹೊರಡೋಕಾಗಲ್ಲ ಸಾರ್. ಪ್ಯಾಸೆಂಜರ್ ಇದ್ದಾರೆ."

"ಯಾರು?"

"ಗೇಟಿನವರು."

ಮ್ಯಾನೇಜರ್ ಗೇಟಿನವರನ್ನು ನೋಡಿದ. ಬೊಂಬೆಯಣ್ಣನನ್ನು ನೋಡಿದ. ಬೊಂಬೆಯಣ್ಣ ಕಾಲ ಬೆರಳು ನೋಡಿಕೊಂಡ.

"ಅದು ಪ್ಲಾಸ್ಟಿಕ್ಕು ಕಣ್ರೀ."

"ಇರಬಹುದು ಸಾರ್. ಹತ್ತಿಸಿಕೊಂಡವಳು ನಾನು. ಅವರು ಇಳಿಯೋವರೆಗೂ ಲಿಫ್ಟ್ ನಡೀತಾ ಇದೆ ಅಂತಲೇ ಲೆಕ್ಕ. ಲಿಫ್ಟ್ ನಡೀತಾ ಇದ್ದರೆ ಕೆಲಸವೂ ಇದೆ. ಅವರನ್ನ ಇಳಿಸಿ ಆಮೇಲೆ ಹೊರಡ್ತೀನಿ." ಇದನ್ನು ಹೇಳಿ ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಮೇಲೆ ನೋಡಿ ಮಾತಾಡಲು ಶುರುಮಾಡಿದಳು. "ಭಯಪಡಬೇಡಿ. ಕೆಳಗೆ ನೋಡಬೇಡಿ. ಕರೆಂಟಿನವರಿಗೆ ಹೇಳಿಕಳಿಸ್ತಾರೆ, ಈಗ ಬರ್ತಾರೆ. ಮನೇಲಿ ಯಾರ್ಯಾರಿದ್ದೀರಿ?"

ಉತ್ತರಕ್ಕೆ ಎಷ್ಟು ಬೇಕೋ ಅಷ್ಟು ಹೊತ್ತು ಬಿಟ್ಟಳು.

"ಹೆಂಡತಿ, ಇಬ್ಬರು ಮಕ್ಕಳು" ಎಂದ ಬೊಂಬೆಯಣ್ಣ.

"ನೀನ್ಯಾಕಯ್ಯ ಹೇಳ್ತೀಯ?" ಎಂದ ಮ್ಯಾನೇಜರ್.

"ಅವನು ಹೇಳಲ್ವಲ್ಲ ಸಾರ್. ನನ್ನಿಂದಲೇ ಸಿಕ್ಕಿಹಾಕಿಕೊಂಡಿದ್ದು."

ಅಮ್ಮ ಎಳೆದರೂ ಮಗು ಹೊರಡಲಿಲ್ಲ. ಗೇಟಿನವರು ಇಳಿಯಲಿ ಎಂದು ಹಟ ಹಿಡಿಯಿತು. ದರ್ಜಿ ಬಂದ, ಮಂಚ ಮಾರುವವರು ಬಂದರು. ಕಾವಲುಗಾರ ಷಟರ್ ಅರ್ಧ ಎಳೆದು, ಯಾರೂ ಇಳಿಯುವುದು ಕಾಣದೆ ಅವನೂ ಮೇಲೆ ಬಂದ. ದೊಡ್ಡಮ್ಮ ಗೇಟಿನವರಿಗೆ ಊರಿನ ವಿಷಯ ಹೇಳುತ್ತಿದ್ದಳು: ಯಾವ ಬೀದಿಯ ಚರಂಡಿ ರಿಪೇರಿ ಆಯಿತು, ಬಾಣಲೆ ಹಿಡಿ ಸಡಿಲವಾದರೆ ಏನು ಮಾಡಬೇಕು. ಗಂಟಲು ಒಣಗಿದರೂ ನಿಲ್ಲಿಸಲಿಲ್ಲ.

ಚಿಕ್ಕ ಯಜಮಾನರು ಬಂದಾಗ ಮೂರನೆ ಮಹಡಿ ಗಿಜಿಗುಡುತ್ತಿತ್ತು. ಮ್ಯಾನೇಜರ್ ಮುಂದೆ ಬಂದು ಎಲ್ಲ ವಿವರಿಸಿದ. ಕ್ರೇನು ಕೆಟ್ಟಿದೆ, ಈ ಕಟ್ಟಡದಲ್ಲಿ ಕೈಯಿಂದ ಮೇಲೆ ಕೆಳಗೆ ನಡೆಸುವುದು ಇನ್ನೇನೂ ಉಳಿದಿಲ್ಲ, ಆದ್ದರಿಂದ ದೊಡ್ಡ ಯಜಮಾನರ ಮಾತು ಪೂರ್ತಿ ನಡೆದ ಹಾಗಾಯಿತು.

ಚಿಕ್ಕ ಯಜಮಾನರು ನೇತಾಡುವ ಗೇಟಿನವರನ್ನು ನೋಡಿದರು. "ಎಷ್ಟು ಹೊತ್ತಾಯ್ತು?" ಎಂದು ಕೇಳಿದರು.

"ಬಹಳ ಹೊತ್ತಾಯ್ತು" ಎಂದಳು ದೊಡ್ಡಮ್ಮ. "ಚಿಕ್ಕ ಯಜಮಾನರೇ, ನಾನು ಒಂದು ಗುಟುಕು ನೀರು ಕುಡೀತೀನಿ. ಅಷ್ಟು ಹೊತ್ತು ನೀವು ಮಾತಾಡಿಸಿ. ಬಿಡುವು ಕೊಡಬೇಡಿ."

ಅವರು ಹಿಂದೆ ಮುಂದೆ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಗಂಟಲು ಸರಿಮಾಡಿಕೊಂಡು ಗೇಟಿನವರ ಕಡೆ ಬಾಗಿ, "ನಮಸ್ಕಾರ. ನಾನು ಈ ಅಂಗಡಿಯವನು. ಏನೂ ಯೋಚನೆ ಮಾಡಬೇಡಿ. ನಮ್ಮಪ್ಪನೂ ಒಂದು ಸಲ ಹೀಗೇ ಸಿಕ್ಕಿಕೊಂಡಿದ್ರು" ಎಂದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅಪ್ಪ ಆವತ್ತು ಒಳಗೆ ಏನು ಮಾತಾಡಿದ್ರು ಲಿಫ್ಟಮ್ಮ? ನಮಗೆ ಯಾವತ್ತೂ ಹೇಳಲಿಲ್ಲ."

ದೊಡ್ಡಮ್ಮ ಲೋಟ ಕೆಳಗಿಟ್ಟಳು. "ಅದು ಪ್ಯಾಸೆಂಜರ್ ವಿಷಯ. ಹೊರಗೆ ಹೇಳಬಾರದು" ಎಂದಳು. ಹೇಳಿದ ಕೂಡಲೇ ಕೆಲಸ ಹೋಯಿತು ಎಂದುಕೊಂಡಳಂತೆ. ಯಜಮಾನರ ಮಗನಿಗೆ ಹಾಗೆ ಮುಖ ಮುರಿದು ಹೇಳುವವರುಂಟೇ. ಆದರೆ ಚಿಕ್ಕ ಯಜಮಾನರು ಒಂದು ಕುರ್ಚಿ ತರಿಸಿಕೊಂಡು ಅವಳ ಪಕ್ಕ ಕೂತರು. "ಕರೆಂಟಿನವರನ್ನ ಕರೀರಿ" ಎಂದರು.

ಕರೆಂಟಿನವನು ಹಳೆಯ ಲಿಫ್ಟನ್ನು ರಿಪೇರಿ ಮಾಡುತ್ತಿದ್ದವನೇ. ಅಂಗಡಿಯವರೆಲ್ಲ ಕರೆಂಟು ಮಾವ ಎನ್ನುತ್ತಾರೆ. ಬಂದವನು ಮೇಜಿನ ಕೆಳಗೆ ತೂರಿ, ಟೇಪು ಸುತ್ತಿದ ವೈರು ಎಳೆದು ನೋಡಿ, ಅಲ್ಲಿಂದಲೇ ಬೈದ.

"ಯಾವನೋ ಇದನ್ನ ಕಟ್ಟಿದ್ದು? ರೈಲಿಗೂ ಕ್ರೇನಿಗೂ ಒಂದೇ ಲಗಾಮು ಹಾಕಿದ್ದೀರಲ್ಲೋ. ಇದು ಮುಂದೆ ಹೋದ್ರೆ ಅದು ಮೇಲೆ ಹೋಗ್ತಾನೇ ಇರುತ್ತೆ."

"ಯಂತ್ರ ಇರೋದೇ ಹಾಗೆ ಅಂದುಕೊಂಡ್ವಿ" ಎಂದಳು ದೊಡ್ಡಮ್ಮ.

"ಕ್ರೇನಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿಂದ ಮೋಟರಿಗೆ ಹೋಗೋ ಎರಡು ವೈರು ಹೀಗೆ ಬಂದರೆ ಮೇಲೆ, ಅದಲು ಬದಲಾಗಿ ಬಂದರೆ ಕೆಳಗೆ. ಹಾಗೆ ಅದಲು ಬದಲು ಮಾಡೋ ಸ್ವಿಚ್ಚು ಒಂದು ಬೇಕು. ನಡುವೆ ಇದ್ದರೆ ನಿಂತಿರಬೇಕು. ಕೈ ಬಿಟ್ಟರೆ ತಾನೇ ನಡುವಿಗೆ ಬರಬೇಕು."

ಟ್ರಾನ್ಸ್‌ಫಾರ್ಮರಿಗೆ ಕಷ್ಟವಾಗಲಿಲ್ಲ. ಬೊಂಬೆಯಣ್ಣ ಮಾರಾಟದ ರೈಲಿನ ಪೆಟ್ಟಿಗೆಯೊಂದನ್ನು ತಾನೇ ಒಡೆದು ತೆಗೆದುಕೊಟ್ಟ. ತನ್ನ ರೈಲಿಗೆ ಬಿಡುಗಡೆ ಸಿಗುತ್ತದಲ್ಲ ಎಂದು ಅವನ ಕಣ್ಣು ತುಂಬಿಬಂದಿತ್ತು. ಆದರೆ ಅಂಥ ಸ್ವಿಚ್ಚು ಇಡೀ ಅಂಗಡಿಯಲ್ಲಿ ಇರಲಿಲ್ಲ. ಪೇಟೆಯೂ ಮುಚ್ಚಿತ್ತು.

ದೊಡ್ಡಮ್ಮ ಚಾವಣಿಯ ಕಡೆ ನೋಡಿದಳು. ಚಾವಣಿಯ ಮೇಲೆ ಆಫೀಸು. ಆಫೀಸಿನಲ್ಲಿ ಮ್ಯಾನೇಜರನ ಕೋಣೆ. ಅಲ್ಲಿ ಅವನ ಕುರ್ಚಿಯ ಹಿಂದೆ, ಹಳೆಯ ಲಿಫ್ಟ್ ಬಿಚ್ಚಿದಾಗ ಚೆಂದ ಕಂಡಿತೆಂದು ಡಬ್ಬಿ ಸಮೇತ ಎತ್ತಿಟ್ಟು ಗೋಡೆಗೆ ಹೊಡೆಸಿಕೊಂಡಿದ್ದ ಹಿತ್ತಾಳೆ ಹಿಡಿ. ಅವನು ಅದಕ್ಕೆ ಕೋಟು ನೇತುಹಾಕುತ್ತಿದ್ದ.

"ಸಾರ್, ನಿಮ್ಮ ಕೋಟು ತೆಗೀಬೇಕಾಗುತ್ತೆ" ಎಂದಳು.

ಮ್ಯಾನೇಜರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಆಮೇಲೆ ಕೋಟು ಎಲ್ಲಿ ಹಾಕಲಿ?" ಎಂದ.

"ಮೈಮೇಲೆ" ಎಂದರು ಚಿಕ್ಕ ಯಜಮಾನರು.

ಕರೆಂಟು ಮಾವ ಡಬ್ಬಿಯನ್ನು ಮೇಲಿನಿಂದ ಬಿಚ್ಚಿ ತಂದ. ಹಲಗೆಯ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದ. ಡಬ್ಬಿ ಸ್ಟೇಷನ್ನಿಗಿಂತ ದೊಡ್ಡದು. ಹಿಡಿಯ ನೆರಳು ಗೇಟಿನ ಮನೆಯನ್ನು ದಾಟಿ ಸುರಂಗದವರೆಗೂ ಬಿದ್ದಿತ್ತು. ಅವನು ಡಬ್ಬಿಯೊಳಗಿನ ತಾಮ್ರದ ಪಟ್ಟಿಗಳನ್ನು ಉಜ್ಜಿ, ಹೊಸ ಟ್ರಾನ್ಸ್‌ಫಾರ್ಮರಿನ ವೈರನ್ನು ಅಡ್ಡಡ್ಡ ಕಟ್ಟಿದ. ದರ್ಜಿ ತನ್ನ ಸೂಜಿಯಿಂದ ಗೇರಿಗೆ ಸಿಕ್ಕಿದ ದಾರವನ್ನು ಎಳೆ ಎಳೆಯಾಗಿ ಬಿಡಿಸಿ ಉರುಳೆಗೆ ಸುತ್ತಿದ. ಕೋಟು ತೊಟ್ಟ ಮ್ಯಾನೇಜರ್ ಟಾರ್ಚು ಹಿಡಿದು ನಿಂತಿದ್ದ. ಯಾರು ಕೊಟ್ಟರೋ ಅವನಿಗೇ ತಿಳಿಯದು.

"ಆಯ್ತು. ನೋಡು ಲಿಫ್ಟಮ್ಮ" ಎಂದ ಕರೆಂಟು ಮಾವ.

ದೊಡ್ಡಮ್ಮ ಅಂಗೈ ಒರೆಸಿಕೊಂಡು ಹಿಡಿಯ ಮೇಲೆ ಇಟ್ಟಳು. ಕೈಗೆ ಪರಿಚಯದ ತಂಪು. ಸುತ್ತ ನಿಂತವರು ಮೇಜಿಗೆ ಒರಗಿದ್ದರು. "ಬಾಗಿಲಿಗೆ ಒರಗಬೇಡಿ" ಎಂದಳು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ಯಜಮಾನರೂ ಸರಿದರು.

"ಕೆಳಗೆ" ಎಂದು ಹಿಡಿಯನ್ನು ಎಡಕ್ಕೆ ಒತ್ತಿದಳು.

ಮೋಟರು ಗುಂಯ್ ಎಂದಿತು. ಗೇಟಿನವರು ಇಳಿಯತೊಡಗಿದರು. ದೊಡ್ಡಮ್ಮ ಅವರನ್ನು ನೋಡುತ್ತಿರಲಿಲ್ಲ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದಳು. ಎಲ್ಲಿ ಬಿಡಬೇಕೋ ಅಲ್ಲಿ ಕೈ ಬಿಟ್ಟಳು. ಹಿಡಿ ಟಣ್ ಎಂದು ನಡುವಿಗೆ ಬಂತು. ಗೇಟಿನವರ ಪಾದ ಸ್ಟೇಷನ್ನಿನ ನೆಲವನ್ನು ಮುಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ, ಸಮ. ಅತ್ತ ರೈಲು ಸುರಂಗದೊಳಗೆ ಇದ್ದಲ್ಲೇ ಇತ್ತು. ಅದಕ್ಕೂ ಇದಕ್ಕೂ ಈಗ ಸಂಬಂಧವಿರಲಿಲ್ಲ. ಬೊಂಬೆಯಣ್ಣ ಮೂಗು ಒರೆಸಿಕೊಂಡ.

ದೊಡ್ಡಮ್ಮ ಗಾಳಿಯಲ್ಲೇ ಜಾಲರಿ ಬಾಗಿಲು ಸರಿಸಿದಳು. "ಮೂರನೆ ಮಹಡಿ, ಆಟದ ಸಾಮಾನು. ನೋಡಿಕೊಂಡು ಇಳೀರಿ."

ಮಗು ಕೊಕ್ಕೆಯಿಂದ ಗೇಟಿನವರ ಕೈ ಬಿಡಿಸಿತು. ಅವರು ಒಂದು ಕ್ಷಣ ನಿಂತು ಮುಖ ಅಡಿಯಾಗಿ ಬಿದ್ದರು.

ಯಾರೂ ನಗಲಿಲ್ಲ.

"ಕಾಲು ಜೋಮು ಹಿಡಿದಿರುತ್ತೆ, ಪಾಪ" ಎಂದಳು ದೊಡ್ಡಮ್ಮ.

ಚಿಕ್ಕ ಯಜಮಾನರು ಕುರ್ಚಿಯಿಂದ ಎದ್ದರು. ಮ್ಯಾನೇಜರನ್ನು ಕೇಳಿದರು, "ಇದು ಮೇಲೆ ಕೆಳಗೆ ಹೋಗುತ್ತಾ?"

ಮ್ಯಾನೇಜರ್ ಟಾರ್ಚು ಆರಿಸಿದ. "ಹೋಗುತ್ತೆ ಸಾರ್."

"ತಾನೇ ಹೋಗುತ್ತಾ?"

"ಇಲ್ಲ ಸಾರ್. ನಡೆಸೋರು ಬೇಕು."

"ಸರಿ ಹಾಗಾದ್ರೆ" ಎಂದು ಅವರು ಮೆಟ್ಟಿಲ ಕಡೆ ನಡೆದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, "ಲಿಫ್ಟಮ್ಮ, ಅಪ್ಪ ಬೈದಿದ್ರಾ ನನ್ನ?" ಎಂದು ಕೇಳಿದರು. ದೊಡ್ಡಮ್ಮ ಬಾಯಿ ತೆರೆಯಲಿಲ್ಲ. ಆದರೆ ಇಲ್ಲ ಎಂದು ತಲೆ ಆಡಿಸಿದಳು. ತಲೆ ಆಡಿಸುವುದು ಮಾತಲ್ಲವಲ್ಲ ಎಂದು ನಮಗೆ ಹೇಳುವಾಗ ಇವತ್ತಿಗೂ ಸ್ವಲ್ಪ ಅಳುಕುತ್ತಾಳೆ.

ಈಗ ರೈಲು ಬೊಂಬೆಯಣ್ಣನದು, ಸುತ್ತು ಸುತ್ತು ಓಡುತ್ತದೆ. ಕ್ರೇನು ದೊಡ್ಡಮ್ಮನದು. ಮ್ಯಾನೇಜರ್ ದಿನವೂ ಕೋಟು ತೊಟ್ಟೇ ಕೆಲಸ ಮಾಡುತ್ತಾನೆ, ಬೆವರುತ್ತಾನೆ. ಗೇಟಿನವರನ್ನು ದೊಡ್ಡಮ್ಮ ದಿನಕ್ಕೊಮ್ಮೆ ಮೇಲೆ ಕರೆದುಕೊಂಡು ಹೋಗಿ ಬರುತ್ತಾಳೆ, ಭಯ ಬಿಟ್ಟುಹೋಗಲಿ ಎಂದು.

ತಿದ್ದಿಸಿದ ಎರಡು ಕಡೆ ಹೇಳುತ್ತೇನೆ ಎಂದಿದ್ದೆ. ನಾನು ಮೊದಲು ಗೇಟಿನವನು ಎಂದು ಬರೆದಿದ್ದೆ. ಪ್ಯಾಸೆಂಜರನ್ನು ಹಾಗನ್ನಬಾರದು ಎಂದು ಗೇಟಿನವರು ಎಂದು ಮಾಡಿಸಿದಳು. ಇನ್ನೊಂದು ಕಡೆ, ಕರೆಂಟು ಹೋಗಿ ಹಳೆಯ ಲಿಫ್ಟ್ ಕೆಟ್ಟಿತು ಎಂದು ಬರೆದಿದ್ದೆ. ಅದು ಯಾವತ್ತೂ ಕೆಟ್ಟಿಲ್ಲ, ನಿಂತಿತು ಅಷ್ಟೆ ಎಂದಳು.

ಅವಳಿಗೆ ಉಳಿದಿರುವ ಕೊರತೆ ಒಂದೇ. ಆ ಕ್ರೇನಿಗೆ ಬಾಗಿಲಿಲ್ಲ. ಬಾಗಿಲಿಲ್ಲದೆ ಜನರನ್ನು ಹತ್ತಿಸಿಕೊಳ್ಳುವುದು ಸರಿಯಲ್ಲ ಎನ್ನುತ್ತಾಳೆ. ಅಳತೆ ಕೊಟ್ಟಿದ್ದಾಳೆ, ಅಮ್ಮ ಹಳೆಯ ಹೇರ್‌ಪಿನ್ನುಗಳನ್ನು ಕೊಟ್ಟಿದ್ದಾಳೆ. ಈಗ ಇದನ್ನು ಮಡಿಸಿಟ್ಟು ನಾನು ಜಾಲರಿ ಬಾಗಿಲು ಮಾಡಲು ಕೂರುತ್ತೇನೆ.